ಭಾಷಣದಲ್ಲಿಲ್ಲದ ಪೇಂಟು

ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವರು ಟೈರಿನ ಮೇಲೆ ತೆರಿಗೆ ಏರಿಸಿದ್ದನ್ನು ಓದಿದ್ದೇ ತಡ, ವಿರೋಧ ಪಕ್ಷದ ಹಿರಿಯರೊಬ್ಬರು ಎದ್ದು ನಿಂತರು.

"ಮೇಷ್ಟ್ರೇ, ನಿಮ್ಮ ತೆರಿಗೆ ಈಗ ಬಂತು. ಪೇಟೇಲಿ ಟೈರು ನಿನ್ನೆಯೇ ಮಾಯ. ಯಾರ ಕಿವಿಯಲ್ಲಿ ಊದಿದ್ರಿ?"

ಸದನದಲ್ಲಿ ಗದ್ದಲವೆದ್ದಿತು. ಸಚಿವರು ಕನ್ನಡಕ ತೆಗೆದು ಕೈಯಲ್ಲೇ ಹಿಡಿದು ನಿಂತರು. ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಹೇಳಿ ಮಂತ್ರಿಯಾದವರು ಅವರು. ಜನರಿಗೆ ಈಗಲೂ ಮೇಷ್ಟ್ರೇ.

ಪ್ರಧಾನಿಯಿಂದ ಮಾತು ಬಂತು. ಗುಟ್ಟು ಬಿಟ್ಟವನು ಸಂಜೆಯೊಳಗೆ ಸಿಗಬೇಕು. ಇಲ್ಲವಾದರೆ ಮೇಷ್ಟ್ರ ಕುರ್ಚಿ ಹೋಯಿತು.

*

ಒಬ್ಬ ಸಿಕ್ಕಿಯೂ ಇದ್ದ. ಭಾಷಣ ಅಚ್ಚಾಗುವಾಗ ಮುದ್ರಣಾಲಯದಿಂದ ಯಾರೂ ಹೊರಗೆ ಹೋಗುವಂತಿಲ್ಲ. ಅಲ್ಲಿನ ಮೇಸ್ತ್ರಿ ಮಾತ್ರ ಹಲ್ಲುನೋವೆಂದು ಹೋಗಿ ಬಂದಿದ್ದ.

"ಹಲ್ಲಿನ ಡಾಕ್ಟ್ರು ಬಾಯಿ ತುಂಬ ಹತ್ತಿ ತುರುಕಿದ್ರಮ್ಮಾ," ಎಂದ ಅವನು, ಊದಿದ ಕೆನ್ನೆ ಹಿಡಿದುಕೊಂಡು. "ನೀರು ಬೇಕು ಅನ್ನೋಕೂ ಆಗ್ತಿರಲಿಲ್ಲ. ಗುಟ್ಟು ಹೆಂಗೆ ಹೇಳಲಿ?"

ತನಿಖೆಗೆ ಬಂದಿದ್ದ ಇನ್‌ಸ್ಪೆಕ್ಟರ್ ನಕ್ಕರು. ಆಕೆಯ ಮೇಲಧಿಕಾರಿ ನಗಲಿಲ್ಲ.

"ಇವನೇ ಸಾಕು ಕಣಮ್ಮ. ಕೇಸು ಮುಗಿಸು. ಮೇಷ್ಟ್ರೂ ಉಳ್ಕೋತಾರೆ."

"ಟೈರು ಕೂಡಿಟ್ಟವನ ಗೋದಾಮು ಒಂದು ನೋಡಿ ಬರ್ತೀನಿ ಸಾರ್."

*

ಸಗಟು ವ್ಯಾಪಾರಿಯ ಗೋದಾಮಿನಲ್ಲಿ ಸೂರು ಮುಟ್ಟುವಷ್ಟು ಟೈರು. ಅದರ ಹಿಂದೆ ಅಷ್ಟೇ ಎತ್ತರಕ್ಕೆ ಪೇಂಟಿನ ಡಬ್ಬಿಗಳು.

"ಇದ್ಯಾಕೆ?"

"ಮನೆಗೆ ಬಳಿಸೋಣ ಅಂತ ಮೇಡಂ."

"ಅರಮನೆ ಕಟ್ಟಿಸ್ತಿದ್ದೀರಾ?"

ಇನ್‌ಸ್ಪೆಕ್ಟರ್ ಅಲ್ಲೇ ನಿಂತು ಅಚ್ಚಾದ ಭಾಷಣವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಎಲ್ಲೂ ಪೇಂಟಿನ ಸುದ್ದಿಯಿಲ್ಲ.

*

"ಮೇಸ್ತ್ರಿ ಹೇಳಿದ್ದಲ್ಲ ಸಾರ್," ಎಂದರು ಇನ್‌ಸ್ಪೆಕ್ಟರ್, ಸಚಿವರ ಕೋಣೆಯಲ್ಲಿ. "ಅವನು ಹೇಳಿದ್ರೆ ಭಾಷಣದಲ್ಲಿ ಇರೋದನ್ನ ಮಾತ್ರ ಹೇಳ್ತಿದ್ದ. ವ್ಯಾಪಾರಿ ಪೇಂಟೂ ತುಂಬಿಸಿಟ್ಟಿದ್ದಾನೆ. ಪೇಂಟಿಗೂ ತೆರಿಗೆ ಹಾಕೋ ಯೋಚನೆ ಇತ್ತಾ?"

ಸಚಿವರ ಮುಖ ಇಳಿಯಿತು.

"ಇತ್ತು. ಆಮೇಲೆ ಬಿಟ್ಟೆ. ಕಾಗದದ ಮೇಲೆ ಬರಲೇ ಇಲ್ಲ. ತಲೆಯಲ್ಲೇ ಇತ್ತು."

"ಯಾರ ಹತ್ತಿರ ಮಾತಾಡಿದ್ರಿ?"

ಸುಮ್ಮನಿದ್ದರೆ ಕುರ್ಚಿ ಉಳಿಯುತ್ತಿತ್ತು, ಮೇಸ್ತ್ರಿ ಒಳಗೆ ಹೋಗುತ್ತಿದ್ದ. ಅದು ಇಬ್ಬರಿಗೂ ಗೊತ್ತಿತ್ತು.

"ನಮ್ಮ ಭಾವ. ಲಾರಿ ಓಡಿಸಿ ನನ್ನನ್ನ ಓದಿಸಿದವರು. ಬಾಡಿಗೆ ಏರಿದ್ರೆ ಏನಾಗುತ್ತೆ, ಡೀಸೆಲ್ ಇಳಿದ್ರೆ ಏನಾಗುತ್ತೆ, ಎಲ್ಲ ಅವರನ್ನೇ ಕೇಳೋದು. ನನ್ನ ಪುಸ್ತಕದ ಉದಾಹರಣೆಗಳೆಲ್ಲ ಅವರವೇ. ಮಂತ್ರಿಯಾದ ಮೇಲೂ ಆ ಚಾಳಿ ಹೋಗಲಿಲ್ಲ. 'ಟೈರಿಗೆ ತೆರಿಗೆ ಹಾಕಿದ್ರೆ ಅಂತ ಇಟ್ಕೊಳ್ಳಿ ಭಾವ, ಪೇಂಟಿಗೆ ಹಾಕಿದ್ರೆ ಅಂತ ಇಟ್ಕೊಳ್ಳಿ' ಅಂದೆ. 'ಇಟ್ಕೊಳ್ಳಿ' ಅಂದ ಮೇಲೆ ಅದು ಬರೀ ಲೆಕ್ಕ ಅಂತ ನನ್ನ ಭಾವನೆ."

"ಅವರಿಗೆ ಅದು ಸುದ್ದಿ."

ಸಚಿವರು ತಲೆಯಾಡಿಸಿ ಎದ್ದರು. "ಮೊದಲು ಮೇಸ್ತ್ರಿಯನ್ನ ಮನೆಗೆ ಕಳಿಸಿ."

*

ಇಬ್ಬರೂ ಮನೆಗೆ ಹೋದಾಗ ಭಾವ ಏನನ್ನೂ ಮುಚ್ಚಿಡಲಿಲ್ಲ. ವ್ಯಾಪಾರಿ ಲಾಭದಲ್ಲಿ ಪಾಲು ಕೊಡುತ್ತೇನೆ ಎಂದಿದ್ದನಂತೆ. ಅಕ್ಕ ಬಾಗಿಲಿಗೆ ಒರಗಿ, ಗಂಡನನ್ನೂ ತಮ್ಮನನ್ನೂ ನೋಡುತ್ತ ನಿಂತಿದ್ದಳು.

"ನೀನು ಕಾಲೇಜಿಗೆ ಸೇರಿದಾಗಿಂದ ಕೇಳ್ತಾನೇ ಬಂದೆ, ನಾನು ಹೇಳ್ತಾನೇ ಬಂದೆ. ನಿನಗೆ ಪುಸ್ತಕ ಆಯ್ತು, ಪದವಿ ಆಯ್ತು, ಮಂತ್ರಿಗಿರಿ ಆಯ್ತು. ಒಂದು ಸಲ ನನಗೂ ಏನಾದ್ರೂ ಆಗಲಿ ಅನ್ನಿಸ್ತು ಕಣೋ," ಎಂದರು ಭಾವ.

"ಒಂದು ಮಾತು ಕೇಳಿದ್ರೆ ನಾನು ಕೊಡ್ತಿರಲಿಲ್ವಾ ಭಾವ?"

"ಕೇಳೋ ಅಭ್ಯಾಸ ನಿಂದು. ನಂದಲ್ಲ."

ಹೊರಗೆ ಬಂದಾಗ ಇನ್‌ಸ್ಪೆಕ್ಟರ್ ದನಿ ತಗ್ಗಿಸಿದರು. "ಸಾರ್, ಅವರು ಕದ್ದು ಕೇಳಿಸಿಕೊಂಡ್ರು ಅಂತ ಬರೆದ್ರೂ ಕೇಸು ನಿಲ್ಲುತ್ತೆ."

"ಬೇಡಮ್ಮ. ಹೇಳಿದ್ದು ನಾನು. ಪ್ರಧಾನಿಯವರಿಗೆ ನಾನೇ ಹೇಳಿ, ರಾಜೀನಾಮೆ ಕೊಟ್ಟು ಬರ್ತೀನಿ. ಆಮೇಲೆ ಠಾಣೆಗೆ ಹೋಗೋಣ."

ಅವರು ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಭಾವ ಹೊರಗೇ ನಿಂತಿದ್ದರು, ಎಲ್ಲಿ ಕೂರಬೇಕೋ ತಿಳಿಯದೆ. ಮೇಷ್ಟ್ರು ಆಚೆಗೆ ಸರಿದು ಜಾಗ ಮಾಡಿಕೊಟ್ಟರು.