ಡಸ್ಟರ್ ಸದ್ದು

ನನ್ನ ಕೈ ನಡುಗಿದ್ದನ್ನು ರಾಜೀವನ್ ಮಾಷ್ ನಾಚಿಕೆ ಎಂದುಕೊಂಡರು. ತಪ್ಪು ಅವರದಲ್ಲ. ಪಯ್ಯನ್ನೂರಿನ ನಮ್ಮ ಹೈಸ್ಕೂಲಿನಲ್ಲಿ ನಾನು ಕೌನ್ಸೆಲರ್. ಮಕ್ಕಳ ಭಯ ಬಿಡಿಸುವುದೇ ನನ್ನ ಕೆಲಸ. ಅಂಥವಳಿಗೆ ಗಣಿತದ ಮೇಷ್ಟರಾದ ಅವರನ್ನು ಕಂಡರೆ ಎದೆ ಡವಗುಟ್ಟುತ್ತದೆ ಎಂದರೆ ಯಾರಾದರೂ ಬೇರೆ ಅರ್ಥವನ್ನೇ ಮಾಡಿಕೊಳ್ಳುತ್ತಾರೆ.

ಆ ಬೇರೆ ಅರ್ಥವೂ ಸುಳ್ಳಾಗಿರಲಿಲ್ಲ, ಕಷ್ಟ ಇದ್ದದ್ದೇ ಅಲ್ಲಿ.

"ಷಿಜಿನ ಟೀಚರೇ, ಪಳಂಪೊರಿ. ಇನ್ನೂ ಬಿಸಿ ಇದೆ." ಬಾಳೆಹಣ್ಣಿನ ಬಜ್ಜಿಯ, ಎಣ್ಣೆ ಹೀರಿದ ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಕಣ್ಣು ಮಾತ್ರ ನನ್ನ ಮುಖ ಬಿಟ್ಟು ಕದಲಲಿಲ್ಲ.

"ದಿನಾ ಯಾಕೆ ತರ್ತೀರಾ ಮಾಷೇ?"

"ನೀವು ದಿನಾ ತಿಂತೀರಲ್ಲ, ಅದಕ್ಕೆ."

ನಕ್ಕುಬಿಟ್ಟೆ. ಅವರು ಬಾಗಿಲವರೆಗೆ ಹೋಗಿ ತಿರುಗಿದರು. ಕಿವಿ ಕೆಂಪಾಗಿತ್ತು.

"ಅಮ್ಮ ನಿಮ್ಮನೆಗೆ ಹೆಣ್ಣು ನೋಡೋಕೆ ಬರ್ತೀನಿ ಅಂತಿದ್ದಾರೆ. ಅವಸರ ಇಲ್ಲ. ಮಾಡೆಲ್ ಪರೀಕ್ಷೆ ಮುಗಿಯೋದ್ರೊಳಗೆ ಹೇಳಿ."

ಉತ್ತರಕ್ಕೂ ಕಾಯದೆ ಪಕ್ಕದ ಹತ್ತನೇ ಕ್ಲಾಸಿಗೆ ನಡೆದರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಸದ್ದು ಬಂತು. ಟಕ್, ಟಕ್.

ಮರದ ಡಸ್ಟರಿನಿಂದ ಮೇಜು ಕುಟ್ಟಿ, ಆಮೇಲೆ ಒಬ್ಬರ ಹೆಸರು ಕೂಗಿ ಪ್ರಶ್ನೆ ಕೇಳುವುದು ಅವರ ರೂಢಿ. ಹೊಡೆಯುವವರಲ್ಲ, ಬೈಯುವುದೂ ಅಪರೂಪ. ಆದರೂ ನನ್ನ ಬೆರಳುಗಳು ತಾವಾಗಿಯೇ ಮುಷ್ಟಿಯೊಳಗೆ ಅಡಗಿದವು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಟ್ಯೂಷನ್ ಮೇಷ್ಟರೊಬ್ಬರು ಹೀಗೇ ಮೇಜು ಕುಟ್ಟಿ, ಮರುಕ್ಷಣ ಅದೇ ಡಸ್ಟರಿನ ಅಂಚನ್ನು ನನ್ನ ಬೆರಳ ಗೆಣ್ಣಿನ ಮೇಲೆ ಇಳಿಸುತ್ತಿದ್ದರು. ಆ ಮನುಷ್ಯ ಈಗಿಲ್ಲ. ನನ್ನ ಬೆರಳುಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಈ ಸದ್ದಿನ ಜೊತೆ ಒಂದೇ ಮನೆಯಲ್ಲಿ ಬಾಳುವುದು ಹೇಗೆ? ಯಾವತ್ತೋ ಒಂದು ದಿನ ಸಿಟ್ಟಿನಲ್ಲಿ ಊಟದ ಮೇಜು ಕುಟ್ಟಿದರೆ? ಬೇಡ ಎನ್ನೋಣವೆಂದರೆ ಆ ಕೆಂಪು ಕಿವಿ ನೆನಪಾಗುತ್ತಿತ್ತು.

ಅಷ್ಟರಲ್ಲಿ ಹೃದ್ಯ ಹೊಟ್ಟೆ ಹಿಡಿದುಕೊಂಡು ಒಳಗೆ ಬಂದಳು. ಅದೇ ಹತ್ತನೇ ಕ್ಲಾಸಿನ ಹುಡುಗಿ. ಅವಳಮ್ಮ ಸ್ಕ್ಯಾನ್ ಕೂಡ ಮಾಡಿಸಿದ್ದರು, ಏನೂ ಸಿಕ್ಕಿರಲಿಲ್ಲ.

"ಮತ್ತೆ ಗಣಿತದ ಪೀರಿಯಡ್ಡಾ?"

"ಹೂಂ ಟೀಚರ್. ಮನೇಲಿ ಎಲ್ಲಾ ಲೆಕ್ಕ ಬರುತ್ತೆ. ಮಾಷ್ ಟಕ್ ಅನ್ನಿಸಿದ್ರೆ ತಲೆ ಖಾಲಿ ಆಗೋಗುತ್ತೆ. ನಾನು ಪರೀಕ್ಷೆ ಬರೆಯಲ್ಲ."

ಅವಳ ಬೆರಳುಗಳು ಲಂಗದ ಅಂಚನ್ನು ಹಿಂಡುತ್ತಿದ್ದವು. ನನ್ನವು ಸೀರೆಯ ಸೆರಗನ್ನು.

ಸಂಜೆ ಮಾಷ್‌ಗೆ ಅವಳ ಮಾತು ಹೇಳಿದೆ. ಮುಖ ಸಣ್ಣದಾಯಿತು.

"ನಾನು ಯಾವ ಮಗೂನಾದ್ರೂ ಮುಟ್ಟಿದ್ದೀನಾ ಟೀಚರೇ?"

"ಇಲ್ಲ. ಆದ್ರೆ ಸದ್ದು ಬಂದ ಮೇಲೆ ಯಾರೋ ಒಬ್ಬರು ಎಲ್ಲರ ಮುಂದೆ ತಬ್ಬಿಬ್ಬಾಗಬೇಕು. ದಿನಾ ಹಾಗಾದ್ರೆ ಮೈಗೆ ಆ ಸದ್ದೊಂದೇ ಸಾಕು. ಹೆದರಿದ ತಲೆಗೆ ಪಾಠ ಇಳಿಯಲ್ಲ."

"ಬಿ.ಎಡ್‌ನಲ್ಲಿ ಇದನ್ನೆಲ್ಲ ಓದಿದ್ದೆ."

"ಯಾತಕ್ಕೆ ಓದಿದ್ರಿ?"

"ಪಾಸಾಗೋಕೆ," ಎಂದು ತಲೆ ಕೆರೆದುಕೊಂಡರು. ನಗು ಬಂತು. ನನ್ನ ಬೆರಳುಗಳ ಕಥೆಯನ್ನೂ ಹೇಳಬೇಕಿತ್ತು, ಧೈರ್ಯ ಬರಲಿಲ್ಲ.

ಮರುದಿನ ಸದ್ದೇ ಇಲ್ಲ. ಗೋಡೆಗೆ ಕಿವಿಗೊಟ್ಟು ಕೂತೆ. ಈಗ ಬಂತು, ಈಗ ಬಂತು ಎಂದು ಕಾದು ಕಾದು ಕತ್ತು ಬಿಗಿಯಿತು. ಹೃದ್ಯಳಂತೂ ಕ್ಲಾಸಿನಲ್ಲೇ ವಾಂತಿ ಮಾಡಿಕೊಂಡಳು.

"ಯಾವಾಗ ಬರುತ್ತೋ ಅಂತ ಗೊತ್ತಾಗಲ್ಲ ಟೀಚರ್, ಅದಕ್ಕೇ ಜಾಸ್ತಿ ಭಯ," ಎಂದು ನನ್ನ ಕೋಣೆಯಲ್ಲಿ ಕೂತು ಅತ್ತಳು.

ಮಾಷ್ ಬಾಗಿಲಲ್ಲಿ ಬಿಳಿಚಿಕೊಂಡು ನಿಂತಿದ್ದರು. "ನಿಲ್ಲಿಸಿಬಿಟ್ಟೆನಲ್ಲ, ಇನ್ನೇನು ಮಾಡ್ಲಿ?"

"ಬಚ್ಚಿಟ್ರೆ ಭಯ ಬೆಳೆಯುತ್ತೆ. ಸ್ವಲ್ಪ ಸ್ವಲ್ಪವಾಗಿ ಅದರ ಹತ್ರ ಹೋಗ್ಬೇಕು. ಡಸ್ಟರ್ ಅವಳ ಕೈಗೆ ಕೊಡಿ."

ಮೊದಲು ನನ್ನ ಕೋಣೆಯಲ್ಲಿ. ಹೃದ್ಯ ಅದನ್ನು ಬೆರಳ ತುದಿಯಿಂದ ಮುಟ್ಟಿ ಕೈ ಹಿಂದೆಗೆದಳು. ಕೆಲವು ದಿನ ಕಳೆದ ಮೇಲೆ ಮೆಲ್ಲಗೆ ಕುಟ್ಟಿದಳು. ಆಮೇಲೆ ಖಾಲಿ ಕ್ಲಾಸಿನಲ್ಲಿ ಕುಟ್ಟಿದಳು. ಕೊನೆಗೊಂದು ದಿನ ತುಂಬಿದ ಕ್ಲಾಸಿನಲ್ಲಿ ಮಾಷ್ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತರು, ಅವಳು ಮೇಜಿನ ಹಿಂದೆ.

ಟಕ್! "ರಾಜೀವನ್! ಮುಂದಿನ ಸಾಲು ಬರಿ!"

ಮಾಷ್ ನಿಜವಾಗಿಯೂ ಬೆಚ್ಚಿದರು. ಕೂಡುವ ಕಡೆ ಕಳೆದುಬಿಟ್ಟರು. ಕ್ಲಾಸು ಬಿದ್ದು ಬಿದ್ದು ನಕ್ಕಿತು, ಹೃದ್ಯಳೂ ನಕ್ಕಳು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಅವರು ಕದ್ದು ನೋಡಿದರು. ತಪ್ಪು ಮಾಡಿ ಸಿಕ್ಕಿಬಿದ್ದ ಆ ಕಣ್ಣು ನೋಡಿ, ಈ ಮನುಷ್ಯ ನನಗೆ ಬೇಕು ಎನ್ನಿಸಿತು. ಬೇಕು ಎನ್ನಿಸಿದಷ್ಟೂ ಭಯ ಹೆಚ್ಚಾಯಿತು.

ಮಾಡೆಲ್ ಪರೀಕ್ಷೆ ಮುಗಿದ ಸಂಜೆ ಅವರು ಪಳಂಪೊರಿ ಇಲ್ಲದೆ ಬಂದರು.

"ಹೃದ್ಯ ಪೂರ್ತಿ ಬರೆದಳು. ಹೊಟ್ಟೆನೋವು ಅಂತ ಒಂದ್ಸಲವೂ ಎದ್ದು ಹೋಗ್ಲಿಲ್ಲ. ಇನ್ನು ನನ್ನ ಫಲಿತಾಂಶ ಹೇಳಿ."

ಟ್ಯೂಷನ್ ಮೇಷ್ಟರ ಕಥೆ ಹೇಳಿದೆ, ಗೆಣ್ಣು ತೋರಿಸಿದೆ. ಗೋಡೆಯಾಚೆಯ ಪ್ರತಿ ಸದ್ದಿಗೂ ನನಗೇನಾಗುತ್ತಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ.

ಮಾಷ್ ಮಕ್ಕಳಿಗೆಂದು ಇಟ್ಟಿದ್ದ ಚಿಕ್ಕ ಕುರ್ಚಿಯಲ್ಲಿ ಕುಸಿದು ಕೂತರು.

"ಹಾಗಾದ್ರೆ ಅವತ್ತು ಕೈ ನಡುಗಿದ್ದು…"

"ನಾಚಿಕೆ ಅಲ್ಲ."

"ಹುಡುಗಿಗೆ ತುಂಬ ನಾಚಿಕೆ ಅಂತ ಅಮ್ಮನ ಹತ್ರ ಹೊಗಳಿದ್ದೆ," ಎನ್ನುವಾಗ ಅವರ ದನಿ ಒಡೆಯಿತು.

ಆಮೇಲೆ ಚೀಲದಿಂದ ಡಸ್ಟರ್ ತೆಗೆದು, ಸದ್ದಾಗದ ಹಾಗೆ ಮೇಜಿನ ಮೇಲಿಟ್ಟು ನನ್ನ ಕಡೆ ಸರಿಸಿದರು.

"ಬೇಡ ಅನ್ನಿಸಿದ್ರೆ ಮುಟ್ಟಬೇಡಿ."

ಮುಟ್ಟಿದೆ. ಬೆವರಿಗೆ ಮರ ಜಾರಿತು. ಮೊದಲ ಸಲ ನನಗೇ ಕೇಳಿಸದಷ್ಟು ಮೆಲ್ಲಗೆ ಕುಟ್ಟಿದೆ. ಎರಡನೆಯ ಸಲ ಕಣ್ಣು ಮುಚ್ಚಿ ಜೋರಾಗಿ ಕುಟ್ಟಿದೆ. ಕಣ್ಣು ಬಿಟ್ಟಾಗ ಎದುರಿಗೆ ಅವರು ಕುರ್ಚಿಯ ಅಂಚು ಹಿಡಿದು ಕೂತಿದ್ದರು.

"ಹೆದರಿದ್ರಾ ಮಾಷೇ?"

"ತುಂಬ. ಬೇಡ ಅಂದುಬಿಡ್ತೀರೇನೋ ಅಂತ."

"ನನಗೂ ಭಯ ಇದೆ. ಇನ್ನೂ ಸ್ವಲ್ಪ ದಿನ ಇರುತ್ತೆ." ಉಸಿರು ಎಳೆದುಕೊಂಡೆ. "ಭಾನುವಾರ ಅಮ್ಮನನ್ನ ಕರ್ಕೊಂಡು ಬನ್ನಿ."

ಅವರ ಕಿವಿ ಮತ್ತೆ ಕೆಂಪಾಯಿತು. ಡಸ್ಟರಿಗೆಂದು ಕೈ ಚಾಚಿದರು. ನಾನು ಕೊಡಲಿಲ್ಲ.

"ಇದು ನನ್ನ ಹತ್ರಾನೇ ಇರಲಿ."

"ಎಲ್ಲೀವರೆಗೆ?"

"ಮದುವೆ ಆದ್ಮೇಲೂ."

ರಾಜೀವನ್ ಮಾಷ್ ಎದ್ದು, ಕ್ಲಾಸಿನ ಹುಡುಗನ ಹಾಗೆ ಕೈ ಕಟ್ಟಿ ನಿಂತರು.

"ಸರಿ ಟೀಚರೇ," ಎಂದರು.