ಮೂರನೇ ಸಾಲಿನ ಏಳನೇ ಮೊಳೆ

ಭೂಮಿ ನಡುಗಿದಾಗ ಯಾರೂ ಕೂತಿರಬಾರದು. ಚಿನ್ನದ ಗಣಿಯ ಲೈನುಮನೆಗಳಲ್ಲಿ ಇದನ್ನು ಮಕ್ಕಳಿಗೆ ಕಲಿಸಬೇಕಾಗಿಲ್ಲ, ತಾನಾಗಿಯೇ ಬರುತ್ತದೆ. ಪಾತಾಳದಲ್ಲೆಲ್ಲೋ ಬಂಡೆ ಸಿಡಿಯುತ್ತದೆ, ಮೇಲೆ ಗೂಡಿನ ಪಾತ್ರೆಗಳು ಗಲಗಲ ಎನ್ನುತ್ತವೆ. ಆಗ ಮುದ್ದೆಯ ಮಡಕೆ ಒಲೆಯ ಮೇಲೇ ಉಳಿಯಬೇಕು. ತನ್ನವರು ಕೆಳಗಿರಲಿ ಬಿಡಲಿ, ಎಲ್ಲರೂ ಶಾಫ್ಟಿನ ಬಾಯಿಗೆ ಓಡಬೇಕು. ಕೆಳಗಿಳಿದ ಕೊನೆಯ ಗಂಡಸು ಮೇಲೆ ಬರುವ ತನಕ ಅಲ್ಲಿ ನಿಂತಿರಬೇಕು.

ಆ ದಿನ ಒಬ್ಬ ಮಾತ್ರ ಓಡಲಿಲ್ಲ.

ಮುನೇಶ್ವರನ ಗುಡಿಯ ಮುಂದಿನ ಬೇವಿನ ಮರದಡಿ ಕೋದಂಡಪ್ಪ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ ಕೂತೇ ಇದ್ದ. ಹೆಂಗಸರು ಅವನ ಪಕ್ಕದಲ್ಲೇ ಓಡಿ ಹೋದರು. ಯಾರದೋ ಸೆರಗು ಅವನ ತಲೆ ಸವರಿಕೊಂಡು ಹೋಯಿತು. ಅವನು ಅಲುಗಲಿಲ್ಲ.

ಅದೃಷ್ಟಕ್ಕೆ ಅದು ಸಣ್ಣ ಸಿಡಿತ. ಗಳಿಗೆ ಹೊತ್ತಿಗೆಲ್ಲ ಎಲ್ಲರೂ ಮೇಲೆ ಬಂದರು.

"ಏನ್ ಸ್ವಾಮ್ಗಳೇ, ತಪಸ್ಸು ಮುಗೀತಾ?"

ಕೋದಂಡಪ್ಪ ಕಣ್ಣು ಬಿಟ್ಟ. ಎದುರಿಗೆ ಕದಿರಮ್ಮ, ಅವನ ಮನೆಯಿಂದ ಮೂರನೆಯ ಮನೆಯವಳು. ಅವಳಪ್ಪ ಜಯರಾಮಪ್ಪ ಗಣಿಯೊಳಗೆ ಬಂಡೆ ಕುಸಿಯದಂತೆ ಮರದ ಕಂಬ ನಿಲ್ಲಿಸುವವನು. ಅವಳ ಎರಡೂ ಕೈಗೆ ರಾಗಿ ಹಿಟ್ಟು ಮೆತ್ತಿತ್ತು. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ.

"ಮಾರಿಯಮ್ಮಕ್ಕ ಎಳೇ ಕೂಸನ್ನ ಕಂಕುಳಿಗಿಟ್ಕಂಡು ಓಡಿದ್ಲು. ಕಣ್ಣು ಕಾಣದ ಮುದುಕೀರು ಓಡಿದ್ರು. ನೀನು ಬೆಂಗ್ಳೂರಾಗೆ ಕಾಲೇಜು ಓದೋನು, ಬಂಡೆ ತರ ಕೂತಿದ್ದೀಯ. ನಿನ್ನೆದೇಲಿ ಏನಾದ್ರೂ ಐತಾ, ಇಲ್ಲ ಅಲ್ಲೂ ಪುಸ್ತಕಾನೇನಾ?"

ಅವನು ಮಡಿಲಲ್ಲಿ ಕಟ್ಟಿಕೊಂಡಿದ್ದ ಎರಡು ಕೈಗಳನ್ನು ಬಿಚ್ಚಿ ಮುಂದೆ ಹಿಡಿದ. ಗಾಳಿಗೆ ಸಿಕ್ಕ ಅರಳಿ ಎಲೆಯ ಹಾಗೆ ಅವು ನಡುಗುತ್ತಿದ್ದವು.

"ಎದ್ದಿದ್ರೆ ಬಿದ್ದೋಗ್ತಿದ್ದೆ," ಎಂದ.

ಕದಿರಮ್ಮ ಆ ಕೈಗಳನ್ನು ನೋಡಿದಳು.

*

ಕೋದಂಡಪ್ಪ ಹತ್ತು ವರ್ಷದವನಿದ್ದಾಗ ಅವನಪ್ಪ ವೆಂಕಟೇಶಪ್ಪ ಹೀಗೊಂದು ಸಿಡಿತದ ದಿನ ಕೆಳಗಿಳಿದವನು ನಡೆದುಕೊಂಡು ಮೇಲೆ ಬರಲಿಲ್ಲ. ಅಂದಿನಿಂದ ದೊಡ್ಡ ಸದ್ದು ಕೇಳಿದರೆ ಸಾಕು, ಕೋದಂಡಪ್ಪನ ಉಸಿರು ಗಂಟಲಲ್ಲಿ ಕಟ್ಟುತ್ತಿತ್ತು. ಮಾರ್ಚಿನಲ್ಲಿ ಇಂಟರ್‌ಮೀಡಿಯೆಟ್ ಪರೀಕ್ಷೆಯ ಲೆಕ್ಕದ ಪೇಪರು. ಹಿಂದೆ ಯಾರದೋ ಬೆಂಚು ಧಡಾರನೆ ಬಿತ್ತು. ಏನಾಯಿತೆಂದು ತಿಳಿಯುವ ಮೊದಲೇ ಅವನು ಕಾಲೇಜಿನ ಗೇಟಿನಾಚೆ ನಿಂತಿದ್ದ. ಮಿಕ್ಕಿದ್ದೆಲ್ಲ ಪಾಸು, ಅದೊಂದು ನಪಾಸು.

ಈಗ ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ. ಇದೇ ಕೊನೆ. ಆಗದಿದ್ದರೆ ಅಪ್ಪನ ಜಾಗಕ್ಕೆ ಇಳಿಯಬೇಕೆಂದು ಗಣಿಯ ಮೇಸ್ತ್ರಿ ಹೇಳಿಯಾಗಿತ್ತು. ತಾಯಿ ಮಂಗಮ್ಮ ತಲೆ ತಗ್ಗಿಸಿ ಒಪ್ಪಿಯೂ ಆಗಿತ್ತು.

"ಇದನ್ನ ಯಾರು ಕಲಿಸಿದ್ರು, ಕಣ್ಣು ಮುಚ್ಚೋದು?" ಮರುದಿನ ನಲ್ಲಿಯ ಹತ್ತಿರ ಕದಿರಮ್ಮ ಕೇಳಿದಳು. ಬಿಂದಿಗೆ ತುಂಬಿ ಹರಿಯುತ್ತಿತ್ತು, ಅವಳು ಎತ್ತಲಿಲ್ಲ.

"ನಮ್ಮ ತಾತ ಮುನಿಸ್ವಾಮಪ್ಪ. ಬೂದಿಕೋಟೆ ಹತ್ರ ಕಪಿಲೆ ಹೊಡೀತಾನೆ."

ಏಪ್ರಿಲಿನಲ್ಲಿ ಅವನು ನಿದ್ದೆಯಿಲ್ಲದೆ ಸೊರಗಿ ಊರಿಗೆ ಹೋದಾಗ, ತಾತ ಏನೂ ಕೇಳದೆ ಬಾವಿಯ ಕಟ್ಟೆಯ ಮೇಲೆ ಕೂರಿಸಿದ್ದ. "ಲೇ ಮಗ, ಎತ್ತು ಇಳಿಜಾರಾಗೆ ಇಳೀತಾವೆ ನೋಡು, ತೊಗಲಚೀಲದಾಗೆ ನೀರು ಮೇಲಕ್ಕೆ ಬತ್ತದೆ. ಆಗ ಉಸಿರು ಒಳಕ್ಕೆ ತಗ. ಎತ್ತು ಹಿಂದಿಂದಕ್ಕೇ ಹತ್ತುತಾವೆ, ಚೀಲ ಬಾವಿಗಿಳೀತದೆ. ಆಗ ಬಿಡು. ಮನಸು ಓಡಿದ್ರೆ ಓಡ್ಲಿ ಕಣ್ಲಾ. ಎತ್ತು ಓಡಲ್ಲ."

"ದೇವರ ಹೆಸರು ಹೇಳೋದು ಬೇಡ್ವಾ ತಾತ?"

"ಬಾವಿ ಮುಂದೆ ಕೂತು ನೀರನ್ನ ಕರೀತಾರಾ? ಅದು ತಾನಾಗೇ ಬತ್ತದೆ."

ಕದಿರಮ್ಮ ಇದನ್ನು ಪೂರ್ತಿ ಕೇಳಿದಳು. ಆಮೇಲೆ ಶಾಫ್ಟಿನ ಕಡೆ ಗದ್ದ ಎತ್ತಿದಳು. ಕಬ್ಬಿಣದ ಗೋಪುರದ ತುದಿಯಲ್ಲಿ ದೊಡ್ಡ ಚಕ್ರ ತಿರುಗುತ್ತಿತ್ತು. ಜನರನ್ನು ಹೊತ್ತ ಪಂಜರ ಏರುವಾಗ ಒಂದು ಕಡೆಗೆ, ಇಳಿಯುವಾಗ ಇನ್ನೊಂದು ಕಡೆಗೆ.

"ನಮ್ಮೂರ ಕಪಿಲೆ ಅದೇ ಅಲ್ವಾ? ಎತ್ತಿಲ್ಲ ಅಷ್ಟೇ."

ಅವನು ಬೆರಗಾಗಿ ನೋಡಿದ. ಇಷ್ಟು ದಿನ ಆ ಚಕ್ರ ಅವನಿಗೆ ಅಪ್ಪನನ್ನು ನುಂಗಿದ ಬಾಯಾಗಿತ್ತು.

ಅಂದಿನಿಂದ ದಿನವೂ ನಲ್ಲಿಯ ಮುಂದೆ ಒಂದು ಕುಚೋದ್ಯ.

"ಸ್ವಾಮ್ಗಳೇ, ಇವತ್ತು ಎತ್ತು ಎಷ್ಟು ಸಲ ಇಳಿದ್ವು?"

"ನೂರ ಎಂಟು."

"ಅಷ್ಟೂ ನೀರು ಎಲ್ಲೋಯ್ತು? ಮುಖ ಒಣಗೇ ಐತಲ್ಲ!"

ನಗುತ್ತಿದ್ದಳು. ಆದರೆ ಅವಳ ಕಣ್ಣು ಅವನ ಮುಖದ ಮೇಲೆ ನಿಲ್ಲುತ್ತಿರಲಿಲ್ಲ. ಕೈಗಳ ಮೇಲೆ ಇಳಿಯುತ್ತಿತ್ತು. ಇವತ್ತು ನಡುಕ ಎಷ್ಟಿದೆ ಎಂದು ಅಳೆದು, ಬಿಂದಿಗೆ ಎತ್ತಿಕೊಂಡು ಹೋಗುತ್ತಿದ್ದಳು. ಅವಳು ಹಾಗೆ ನೋಡುತ್ತಾಳೆ ಎಂಬುದಕ್ಕೇ ಅವನ ಕೈ ಒಂದಿಷ್ಟು ಹೆಚ್ಚು ನಡುಗುತ್ತಿತ್ತು. ಅದನ್ನು ಅವನು ಹೇಳಲಿಲ್ಲ.

ಹೇಳುವುದಕ್ಕೆ ದಾರಿಯೂ ಇರಲಿಲ್ಲ. ಅವಳ ತಾಯಿ ಅಮ್ಮಾಜಮ್ಮ ಗಂಗಮ್ಮನ ಗುಡಿಯಲ್ಲಿ ಕರ್ಪೂರ ಹಚ್ಚಿ ಹರಕೆ ಹೊತ್ತಿದ್ದಳು. ಇಪ್ಪತ್ತು ವರ್ಷ ತಾನು ಶಾಫ್ಟಿನ ಬಾಯಲ್ಲಿ ನಿಂತಿದ್ದು ಸಾಕು, ಕೆಳಗಿಳಿಯುವವನಿಗೆ ಮಗಳನ್ನು ಕೊಡುವುದಿಲ್ಲ ಎಂದು. ಲೈನಿಗೆಲ್ಲ ಗೊತ್ತಿದ್ದ ಮಾತು ಅದು.

ಒಂದು ಪೇಪರಿನ ಮೇಲೆ ಎಲ್ಲವೂ ನಿಂತಿತ್ತು.

*

ಪರೀಕ್ಷೆಯ ಹಿಂದಿನ ದಿನ. ಮೂರು ಗಂಟೆಗೆ ಕೋರಮಂಡಲ್ ಸ್ಟೇಷನ್ನಿನಿಂದ ಟ್ರೇನು. ಮಂಗಮ್ಮ ರೊಟ್ಟಿ ಕಟ್ಟಿಕೊಡುತ್ತಿದ್ದಳು. ಮಧ್ಯಾಹ್ನ ಹನ್ನೆರಡೂವರೆಗೆ ನೆಲ ನಡುಗಿತು.

ಈ ಸಲ ಪಾತ್ರೆಗಳು ಗಲಗಲ ಎನ್ನಲಿಲ್ಲ, ಕೆಳಕ್ಕೇ ಬಿದ್ದವು. ಗೋಡೆಯಿಂದ ಸುಣ್ಣ ಉದುರಿತು.

ಕೋದಂಡಪ್ಪನ ಉಸಿರು ಕಟ್ಟಿತು. ಬಾವಿ. ಎತ್ತು. ಇಳಿಜಾರು. ಒಂದು ಉಸಿರು ಒಳಗೆ ಬಂತು. ಆಮೇಲೆ ಅವನು ಎದ್ದು ಓಡಿದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಶಾಫ್ಟಿನ ಬಾಯಿಗೆ.

ಅಲ್ಲಿ ಒಂದು ದೊಡ್ಡ ಮರದ ಹಲಗೆ, ಅದರ ತುಂಬ ಮೊಳೆ. ಕೆಳಗಿಳಿಯುವವನು ತನ್ನ ಹಿತ್ತಾಳೆಯ ಟೋಕನನ್ನು ತನ್ನ ಮೊಳೆಗೆ ತೂಗುಹಾಕಿ ಇಳಿಯುತ್ತಾನೆ, ಮೇಲೆ ಬಂದಾಗ ತೆಗೆದುಕೊಳ್ಳುತ್ತಾನೆ. ಓದು ಬಾರದ ಹೆಂಗಸರಿಗೂ ತಮ್ಮ ಮನೆಯವರ ಮೊಳೆ ಯಾವುದೆಂದು ಗೊತ್ತು. ಕದಿರಮ್ಮ ತಾಯಿಯನ್ನು ಒರಗಿಸಿಕೊಂಡು ಮೂರನೇ ಸಾಲಿನ ಏಳನೇ ಮೊಳೆಯನ್ನೇ ನೋಡುತ್ತಿದ್ದಳು. ಅಪ್ಪನ ಟೋಕನ್ ಇನ್ನೂ ತೂಗುತ್ತಿತ್ತು.

ಅವಳ ಎದೆ ಏರುತ್ತಿರಲಿಲ್ಲ. ತುಟಿ ಬಿಳುಚಿತ್ತು.

"ಕದಿರಿ, ಉಸಿರು ತಗ."

"ಚಕ್ರ ನಿಂತೋಗೈತೆ," ಎಂದಳು, ಹಲಗೆಯಿಂದ ಕಣ್ಣು ತೆಗೆಯದೆ. "ಯಾವುದರ ಜತೆ ತಗಳ್ಲಿ?"

ಅವನು ತಲೆ ಎತ್ತಿದ. ಗೋಪುರದ ಚಕ್ರ ನಿಜಕ್ಕೂ ನಿಂತಿತ್ತು.

"ನನ್ನ ಜತೆ," ಎಂದ.

ಅವಳ ಪಕ್ಕದಲ್ಲಿ ನಿಂತು, ಅವಳಿಗೆ ಕೇಳಿಸುವಂತೆ, ಉಸಿರು ಒಳಗೆ ತೆಗೆದುಕೊಂಡ. ನಿಧಾನವಾಗಿ ಬಿಟ್ಟ. ಮೂರನೆಯ ಸಲಕ್ಕೆ ಅವಳ ಉಸಿರು ಅವನದಕ್ಕೆ ಬಂದು ಸೇರಿತು. ಸುತ್ತ ನೂರು ಜನ. ಬೆರಳಿಗೆ ಬೆರಳು ತಾಗಲಿಲ್ಲ. ಆದರೂ ಅಷ್ಟು ಹತ್ತಿರಕ್ಕೆ ಅವರಿಬ್ಬರೂ ಎಂದೂ ಬಂದಿರಲಿಲ್ಲ.

ಎರಡು ಗಂಟೆಗೆ ಚಕ್ರ ತಿರುಗಿತು. ಪಂಜರ ಮೇಲೆ ಬಂತು, ಮತ್ತೆ ಬಂತು. ದೂಳು ಮೆತ್ತಿದ ಗಂಡಸರು ಒಬ್ಬೊಬ್ಬರಾಗಿ ಟೋಕನ್ ತೆಗೆದುಕೊಂಡರು. ಎರಡೂವರೆಗೆ ಹಲಗೆಯ ಮೇಲೆ ಉಳಿದದ್ದು ಆರು. ಮೂರನೇ ಸಾಲಿನ ಏಳನೆಯದು ಅದರಲ್ಲೊಂದು. ಬಂಡೆ ಬಿದ್ದು ಆರು ಜನರ ದಾರಿ ಮುಚ್ಚಿದೆ ಎಂದು ಮೇಸ್ತ್ರಿ ಕೂಗಿ ಹೇಳಿದ.

"ಟ್ರೇನ್ ಹೊತ್ತಾಯ್ತು," ಎಂದಳು ಕದಿರಮ್ಮ.

"ನಾನು ಓಗಲ್ಲ."

ಅವಳು ಮೊದಲ ಸಲ ಹಲಗೆಯಿಂದ ಕಣ್ಣು ತೆಗೆದು ಅವನನ್ನು ನೋಡಿದಳು. ಅಂಥ ನೋಟವನ್ನು ಅವನು ನಲ್ಲಿಯ ಹತ್ತಿರ ಎಂದೂ ಕಂಡಿರಲಿಲ್ಲ.

"ನೀನು ಇಲ್ಲಿ ನಿಂತ್ರೆ ನಮ್ಮಪ್ಪ ಬೇಗ ಬತ್ತಾನಾ? ಇವತ್ತು ಉಳ್ಕಂಡ್ರೆ ಬರೋ ತಿಂಗಳು ನಿನ್ ಟೋಕನ್ನೂ ಇದೇ ಹಲಗೆ ಮೇಲೆ ತೂಗ್ತದೆ. ಅದನ್ನೂ ನಾನೇ ನೋಡ್ಕಂಡು ನಿಂತಿರಬೇಕಾ?" ಅವಳು ಸ್ಟೇಷನ್ನಿನ ಕಡೆ ಗದ್ದ ಎತ್ತಿದಳು. "ಓಗು ಕೋದಂಡ. ಕೂತು ಬರಿ. ಓಡಬ್ಯಾಡ."

ಅಮ್ಮಾಜಮ್ಮ ಅದನ್ನು ಕೇಳಿಸಿಕೊಂಡಳು. ಮಗಳ ಭುಜ ಇನ್ನಷ್ಟು ಬಿಗಿಯಾಗಿ ಹಿಡಿದಳು.

ಅವನು ಹೋದ.

*

ಬೆಂಗಳೂರು. ಪರೀಕ್ಷೆಯ ಹಾಲ್. ಹನ್ನೊಂದು ಗಂಟೆಗೆ ಗಾಳಿಗೆ ಕಿಟಕಿಯ ಬಾಗಿಲು ಗೋಡೆಗೆ ಬಡಿಯಿತು. ಧಡ್!

ಪೆನ್ನು ಕೈ ಜಾರಿತು. ಕಾಲು ತಾನಾಗಿಯೇ ಬೆಂಚಿನ ಹೊರಗೆ ಬಂತು. ಎದುರಿಗೆ ಲೆಕ್ಕವಿಲ್ಲ. ಹಲಗೆ, ಮೊಳೆ, ತೂಗುವ ಹಿತ್ತಾಳೆ. ಅವನು ಬಾವಿಯನ್ನು ಕರೆದ. ಬಾವಿ ಬರಲಿಲ್ಲ. ಎತ್ತುಗಳು ಎಲ್ಲಿ ಹೋದವೋ.

ಆಗ ಪಕ್ಕದಲ್ಲಿ ಯಾರೋ ಉಸಿರೆಳೆದ ಹಾಗಾಯಿತು. ಯಾವುದರ ಜತೆ ತಗಳ್ಲಿ?

ಅವನು ಉಸಿರು ಬಿಟ್ಟ. ಅವಳು ತೆಗೆದುಕೊಂಡಳು. ಅವನು ಬಿಟ್ಟ. ಕಾಲು ಮೆಲ್ಲಗೆ ಬೆಂಚಿನೊಳಗೆ ಬಂತು. ಬಗ್ಗಿ ಪೆನ್ನು ಎತ್ತಿಕೊಂಡ.

*

ಸಂಜೆ ಬಂಗಾರಪೇಟೆಯಲ್ಲಿ ಗಣಿಯ ಕಡೆಯ ಟ್ರೇನಿಗೆ ಬದಲಾಯಿಸಬೇಕು. ಪ್ಲಾಟ್‌ಫಾರಮ್ಮಿನಲ್ಲಿ ಇಬ್ಬರು ಮಾತಾಡುತ್ತಿದ್ದರು.

"ಆರು ಜನಾನೂ ತೆಗೆದ್ರಂತೆ ಬೆಳಿಗ್ಗೆ."

"ನಡ್ಕಂಡ್ ಬಂದ್ರಾ?"

"ಐದು ಜನ. ಒಬ್ಬನ್ನ ಹೊತ್ಕಂಡೇ ತಂದ್ರಂತೆ."

"ಯಾರನ್ನ?" ಕೋದಂಡಪ್ಪ ಕೇಳಿದ. ಅವರಿಗೆ ಹೆಸರು ಗೊತ್ತಿರಲಿಲ್ಲ.

ಕೋರಮಂಡಲ್ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಕು ಇನ್ನೂ ಇತ್ತು. ಕದಿರಮ್ಮ ಬಂದಿರಲಿಲ್ಲ. ಅವನು ಮನೆಯ ಕಡೆ ಹೋಗದೆ ನೇರ ಶಾಫ್ಟಿಗೆ ನಡೆದ, ಆಮೇಲೆ ಓಡಿದ.

ಮೂರನೇ ಸಾಲು. ಏಳನೇ ಮೊಳೆ. ಖಾಲಿ.

ಬಂದವನು ತನ್ನ ಟೋಕನ್ ತಾನೇ ತೆಗೆದುಕೊಳ್ಳುತ್ತಾನೆ. ಬಾರದವನದನ್ನು ಮೇಸ್ತ್ರಿ ಬಿಚ್ಚಿ ಮನೆಯವರ ಕೈಗಿಡುತ್ತಾನೆ. ಖಾಲಿ ಮೊಳೆ ಎರಡಕ್ಕೂ ಒಂದೇ. ಅವನಪ್ಪನ ಟೋಕನ್ ಇನ್ನೂ ಮಂಗಮ್ಮನ ಪೆಟ್ಟಿಗೆಯಲ್ಲಿದೆ.

ಅವನು ತಿರುಗಿದ. ಹತ್ತಿರದಲ್ಲೇ ಗುಡಿಯ ಮುಂದಿನ ಬೇವಿನ ಮರದಡಿ, ತಾನು ಕೂರುತ್ತಿದ್ದ ಜಾಗದಲ್ಲೇ, ಕದಿರಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಬಿಗಿದ ಮುಷ್ಟಿಯ ಸಂದಿಯಲ್ಲಿ ಹಿತ್ತಾಳೆ ಹೊಳೆಯಿತು.

ಕೂಗಿ ಕೇಳಬೇಕೆನಿಸಿತು. ನಿನ್ನೆದೇಲಿ ಏನಾದ್ರೂ ಐತಾ ಎಂದು ಅವಳು ಅಂದು ಕೇಳಿದ್ದು ಯಾವ ನೋವಿನಿಂದ ಎಂದು ಈಗ ತಿಳಿಯಿತು. ಆದರೆ ಅವನು ಎದುರಿಗೆ ಕೂತ. ಅವಳು ಉಸಿರು ತೆಗೆದುಕೊಂಡಾಗ ತಾನೂ ತೆಗೆದುಕೊಂಡ.

ಅವಳು ಕಣ್ಣು ತೆರೆದಳು.

"ನಿಮ್ಮಪ್ಪ?"

"ಕಾಲು ಮುರಿದೈತೆ." ಅವನ ಮುಖ ನೋಡಿ ಬೇಗ ಬೇಗ ಹೇಳಿದಳು. "ಹೊತ್ಕಂಡು ಓಗೋವಾಗ ಇದನ್ನ ನನ್ ಕೈಗೆ ಕೊಟ್ಟ, ಇಟ್ಕಳೆ ಅಂತ. ಆಸ್ಪತ್ರೇಲಿ ಅವ್ನೆ. ಗಂಜಿಗೆ ಉಪ್ಪಿಲ್ಲ ಅಂತ ನರ್ಸಮ್ಮನ ಜತೆ ಜಗಳ ಆಡ್ತಾ ಅವ್ನೆ."

ಕೋದಂಡಪ್ಪ ನಕ್ಕ. ನಗು ಅರ್ಧಕ್ಕೇ ಅಳುವಾಯಿತು. ಅವಳು ಅದನ್ನು ನೋಡಿದಳು, ತಡೆಯಲಿಲ್ಲ.

"ಸ್ಟೇಷನ್ನಿಗೆ ಯಾಕೆ ಬರ್ಲಿಲ್ಲ?"

"ಬಂದ್ರೆ ನಿನ್ ಮುಖ ನೋಡ್ಬೇಕಲ್ಲ. ಓಡಿದ್ಯೋ ಕೂತಿದ್ಯೋ ದೂರದಿಂದ್ಲೇ ತಿಳೀತದೆ. ಭಯ ಆಯ್ತು. ಅದಕ್ಕೇ ಇಲ್ಲಿ ಕೂತೆ, ನಿನ್ ತಾತನ ಎತ್ತು ಹೊಡ್ಕಂಡು."

"ಕಿಟಕಿ ಬಡೀತು," ಎಂದ ಅವನು.

ಅವಳ ಮುಷ್ಟಿ ಇನ್ನಷ್ಟು ಬಿಗಿಯಿತು.

"ಓಡ್ಲಿಲ್ಲ. ನೀನು ಉಸಿರು ತಗಂತಿದ್ದೆ, ನಾನು ಬಿಡ್ತಿದ್ದೆ. ಗಂಟೆ ಹೊಡೆಯೋ ತನಕ ಹಂಗೇ ಬರೆದೆ."

ಕದಿರಮ್ಮ ಮುಷ್ಟಿ ಬಿಚ್ಚಿದಳು. ಅಪ್ಪನ ಟೋಕನನ್ನು ಅವನ ಅಂಗೈ ಮೇಲಿಟ್ಟು, ಎಂದಿನಂತೆ ಕೈಯನ್ನೇ ನೋಡಿದಳು. ಹಿತ್ತಾಳೆ ಅಲುಗಿತು.

"ಈಗ್ಯಾಕೆ ನಡುಗ್ತದೆ?"

"ಇದು ಬೇರೆ ನಡುಕ," ಎಂದ ಕೋದಂಡಪ್ಪ. "ಇದಕ್ಕೆ ತಾತ ಏನೂ ಕಲಿಸಿಲ್ಲ."

ಅವಳ ಕಿವಿ ಕೆಂಪಾಯಿತು. ಟೋಕನ್ ವಾಪಸ್ಸು ತೆಗೆದುಕೊಳ್ಳುವ ನೆಪದಲ್ಲಿ ಅವಳ ಬೆರಳು ಅವನ ಅಂಗೈ ಮೇಲೆ ಅಗತ್ಯಕ್ಕಿಂತ ಒಂದು ಉಸಿರು ಹೆಚ್ಚು ನಿಂತಿತು.

*

ಐದು ವಾರ ಕಳೆದ ಮೇಲೆ ಫಲಿತಾಂಶದ ಪೇಪರು ಬಂತು. ಬೆಂಗಳೂರಿನ ಟ್ರೇನು ಮೊದಲು ಬರುವುದು ಬಂಗಾರಪೇಟೆಗೆ. ಅದಕ್ಕೇ ಕೋದಂಡಪ್ಪ, ಕದಿರಮ್ಮ, ಅವಳ ತಾಯಿ ಮೂವರೂ ಅಲ್ಲಿಗೇ ಹೋಗಿದ್ದರು. ಗಂಡನ ಕಾಲಿಗೆ ಎಣ್ಣೆ ತರಬೇಕೆಂದು ಅಮ್ಮಾಜಮ್ಮ ಹೇಳಿಕೊಂಡು ಬಂದಿದ್ದಳು. ಎಣ್ಣೆಯ ಅಂಗಡಿ ಲೈನಿನಲ್ಲೇ ಇತ್ತು.

ಕೋದಂಡಪ್ಪ ಪತ್ರಿಕೆ ಬಿಡಿಸಿದ. ಸಣ್ಣ ಅಕ್ಷರದ ನಂಬರುಗಳ ಸಾಲುಗಳು. ಬೆರಳು ಒಂದೊಂದೇ ಸಾಲು ಇಳಿಯಿತು. ಕದಿರಮ್ಮ ಕಣ್ಣು ಮುಚ್ಚಿ, ಎರಡು ಕೈ ಎದೆಗಿಟ್ಟು ನಿಂತಿದ್ದಳು. ಎದೆ ಏರುತ್ತಿರಲಿಲ್ಲ.

ಬೆರಳು ನಿಂತಿತು.

"ಕದಿರಿ," ಎಂದ. "ಉಸಿರು ಬಿಡು. ಐತೆ."

ಅವಳು ಬಿಟ್ಟಳು. ಎಷ್ಟು ದಿನದಿಂದ ಹಿಡಿದಿಟ್ಟಿದ್ದ ಉಸಿರೋ ಅದು.

ಅಮ್ಮಾಜಮ್ಮ ಆ ಕಡೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಗಮ್ಮನ ಗುಡಿಯಿರುವ ದಿಕ್ಕಿಗೆ ಕೈ ಮುಗಿದಳು. ಆಮೇಲೆ ಇತ್ತ ತಿರುಗದೆಯೇ, ದೊಡ್ಡ ದನಿಯಲ್ಲಿ ಹೇಳಿದಳು:

"ಲೇ ಹುಡುಗಿ, ನಿಮ್ ಸ್ವಾಮ್ಗಳನ್ನ ಕೇಳೇ. ಸಂಸಾರಕ್ಕೆ ಬತ್ತಾರಾ, ಇಲ್ಲ ಮರದ ಕೆಳಗೇ ಇರ್ತಾರಾ ಅಂತ."

ಕದಿರಮ್ಮ ಕೇಳಲಿಲ್ಲ. ಅವನ ಮುಖ ನೋಡಿದಳು. ಒಣಗಿದ್ದ ಆ ಮುಖದ ಮೇಲೆ ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು.

"ಬಂತು ಕಣವ್ವ," ಎಂದಳು ಅವಳು ಮೆಲ್ಲಗೆ. "ನೀರು ಬಂತು."