ವಿಶಾಖಾ ಬರೆದ ದೂರು

"ಈ ಜಾಕೆಟ್ ನಡಿಯಂಗಿಲ್ರಿ."

ಅಷ್ಟು ಹೇಳಿ ಅವನು ಮೀಟರಿನ ಎರಡು ಮೊನೆಗಳನ್ನು ಅವಳ ಜಾಕೆಟ್ಟಿನ ಬೆನ್ನಿಗೆ ಮತ್ತೊಮ್ಮೆ ಒತ್ತಿದ. ಮುಳ್ಳು ಅಲುಗಲಿಲ್ಲ.

"ಹೋದ ತಿಂಗಳ ಇದನ್ನ ಹಾಕ್ಕೊಂಡು ಗೆದ್ದೀನಿ!"

"ಹೋದ ತಿಂಗಳ ಜೀವ ಇತ್ತೇನೋ. ಈಗ ಬೆನ್ನು ಸತ್ತದ."

"ನಿಮ್ಮ ಮೀಟರ್ ಸತ್ತಿರಬೇಕು, ನೋಡ್ರಿ!"

ಸಾಲಿನಲ್ಲಿದ್ದ ಹುಡುಗಿಯರು ನಕ್ಕರು. ಅವನು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಮೀಟರನ್ನು ಅವಳ ಮುಂದೆ ಹಿಡಿದ.

"ನೀವ ನೋಡ್ರಿ."

ಅವಳು ನೋಡಲಿಲ್ಲ.

ರಾಯಚೂರಿನ ಒಳಾಂಗಣ ಕ್ರೀಡಾಂಗಣದಲ್ಲಿ ಅಂದು ಸೇಬರ್ ಕತ್ತಿವರಸೆಯ ರಾಜ್ಯ ತಂಡಕ್ಕೆ ಆಯ್ಕೆ. ವಿಶಾಖಾ ದೇವದುರ್ಗದವಳು, ಇಪ್ಪತ್ತೆರಡು ವರ್ಷ. ಎಂಟನೇ ತರಗತಿಯಲ್ಲಿ ಓಟಕ್ಕೆಂದು ಕ್ರೀಡಾ ಹಾಸ್ಟೆಲ್ ಸೇರಿದ್ದಳು. ಅವಳ ಎಡಗೈಯ ಚುರುಕು ಕಂಡ ಕೋಚ್ ಕತ್ತಿ ಕೊಟ್ಟರು. ಆಮೇಲೆ ಅವಳು ಬೇರೆ ಏನನ್ನೂ ಬಯಸಿರಲಿಲ್ಲ.

ಮೀಟರ್ ಹಿಡಿದವನು ಅಮರೇಶ. ಮಾನ್ವಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಪಂದ್ಯಗಳಿದ್ದಾಗ ಆಟಗಾರರ ಸಾಮಾನು ಪರೀಕ್ಷಿಸಲು ಕತ್ತಿವರಸೆ ಸಂಘದವರು ಅವನನ್ನು ಕರೆಸುತ್ತಿದ್ದರು.

ಸೇಬರಿನಲ್ಲಿ ಸೊಂಟದ ಮೇಲೆಲ್ಲಿ ಕತ್ತಿ ತಾಗಿದರೂ ದೀಪ ಹತ್ತಬೇಕು. ಹತ್ತಿಸುವುದು ಜಾಕೆಟ್ಟಿನಲ್ಲಿ ನೇಯ್ದ ಲೋಹದ ಎಳೆ. ಎಳೆ ತುಂಡಾದರೆ ಎದುರಾಳಿ ಹೊಡೆದ ಏಟು ಲೆಕ್ಕಕ್ಕೇ ಬರುವುದಿಲ್ಲ.

"ನಿಮಗ ಲಾಭ ಆಗತದ್ರಿ, ಅವರಿಗೆ ಅನ್ಯಾಯ," ಎಂದ ಅಮರೇಶ ಮೆಲ್ಲಗೆ. "ಇದನ್ನ ಯಾರಾದ್ರೂ ಒಗದಾರೇನು?"

"ಯಾರೂ ಒಗದಿಲ್ಲ!"

ಗೆಳತಿ ತಮನ್ನಾ ತನ್ನ ಪಂದ್ಯ ಮುಗಿಸಿ ಬಂದು, ಬೆವರಿನ ಜಾಕೆಟ್ ಬಿಚ್ಚಿ ಕೊಟ್ಟಳು. "ದೊಡ್ಡದಾಗತದಲೇ. ಆದ್ರೂ ಹಾಕ್ಕೋ." ತೋಳು ಮಣಿಕಟ್ಟಿನ ಮೇಲೆ ಜಾರುತ್ತಲೇ ಇತ್ತು. ತಂಡದ ಕೊನೆಯ ಸ್ಥಾನಕ್ಕಾಗಿ ಆಡಿದ ಪಂದ್ಯದಲ್ಲಿ ವಿಶಾಖಾ ಹದಿನಾಲ್ಕು–ಹದಿನೈದರಿಂದ ಸೋತಳು. ಹೆಸರು ಮೀಸಲು ಪಟ್ಟಿಗೆ ಹೋಯಿತು.

ಬಸ್ಸು ಹತ್ತುವ ಮೊದಲೇ ಅವಳು ಸಂಘಕ್ಕೆ ದೂರು ಬರೆದಳು. ಪರೀಕ್ಷಕ ಬೇಕೆಂದೇ ತನ್ನ ಜಾಕೆಟ್ ತಿರಸ್ಕರಿಸಿದ ಎಂದು... ಆಗ ಅವಳಿಗೆ ಅದು ಸತ್ಯವೇ ಆಗಿತ್ತು.

ದೇವದುರ್ಗದ ಮನೆಯಲ್ಲಿ ತಾಯಿ ಯಮನಮ್ಮ ಊರಿನ ಹಾಸ್ಟೆಲ್ಲಿನ ಅಡುಗೆ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದರು. ಮಗಳ ಚೀಲ ತೆಗೆಯುತ್ತ ಕೇಳಿದರು:

"ಎಲ್ಲಾರೂ ಏನಂದ್ರಲೇ? ಅಂಗಿ ಹೆಂಗ ಮಿಂಚಾಕತ್ತಿತ್ತು?"

"ಯಾವ ಅಂಗಿ ಯವ್ವಾ?"

"ನಿನ್ನ ಬೆಳ್ಳಿ ಅಂಗಿ. ಎಷ್ಟು ಬೆವರು ವಾಸನಿ ಹೊಡೀತಿತ್ತು! ನೀ ಮಲಗಿದ್ದಾಗ ಸೋಡಾದಾಗ ನೆನಸಿ, ಬಂಡೆಗೆ ಬಡದು ಒಗದೆ. ಹರದಿದ್ದ ಕಾಲರ್‌ನೂ ಹೊಲದೀನಿ."

ವಿಶಾಖಾ ಗೋಡೆಗೆ ಒರಗಿ ನಿಂತಳು. *ಬಂಡೆಗೆ...!*

"ಯಾಕ, ಸುಮ್ನಾದಿ? ಚೊಲೊ ಆಗಿಲ್ಲೇನು?"

"ಬಾಳ ಚೊಲೊ ಆಗ್ಯದ ಯವ್ವಾ," ಎಂದಳು. ಅಂದು ತಾಯಿಗೆ ಮಗಳು ಕೊಟ್ಟದ್ದು ಅಷ್ಟೇ. ಅದೇನು ಕಡಿಮೆಯಲ್ಲ.

ಮೂರು ದಿನಗಳಲ್ಲಿ ತಮನ್ನಾ ಫೋನ್ ಮಾಡಿದಳು. ವಿಚಾರಣೆ ಶುರುವಾಗಿತ್ತು, ಅದು ಮುಗಿಯುವವರೆಗೆ ಅಮರೇಶನನ್ನು ಕೆಲಸದಿಂದ ದೂರ ಇಟ್ಟಿದ್ದರು. ಜಾಕೆಟ್ ಒಗೆದ ಮಾತನ್ನು ಅವನು ಅಲ್ಲಿ ಎತ್ತಿರಲೇ ಇಲ್ಲವಂತೆ.

ಮರುದಿನ ಬೆಳಿಗ್ಗೆ ವಿಶಾಖಾ ಮಾನ್ವಿಗೆ ಹೋದಳು. ಅಂಗಡಿಯಲ್ಲಿ ಅವನು ಪಂಪಿನ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಅವಳನ್ನು ಕಂಡು ಎದ್ದ. ಇದ್ದ ಒಂದೇ ಸ್ಟೂಲನ್ನು ಬಟ್ಟೆಯಿಂದ ಒರೆಸಿ ಮುಂದಿಟ್ಟ.

"ಕೂಡ್ರಿ. ಚಾ ತರಸ್ತೀನಿ."

"ಚಾ ಬ್ಯಾಡ್ರಿ... ಜಾಕೆಟ್ ನಮ್ಮವ್ವ ಒಗದಿದ್ಲು. ನಂಗೊತ್ತಿರಲಿಲ್ಲ."

"ನನಗ ಅವತ್ತ ಗೊತ್ತಾಗಿತ್ತು."

"ಮತ್ತ ವಿಚಾರಣಿ ಮುಂದ ಯಾಕ ಹೇಳಲಿಲ್ಲ?"

"ಜಾಕೆಟ್ ಸತ್ತದ ಅಂದೆ, ಅಷ್ಟು ಸಾಕಿತ್ತು. ಯಾಕ ಸತ್ತದ ಅಂತ ಅವರು ಕೇಳಲಿಲ್ಲ. ಕಾಲರ್‌ಗೆ ಹಾಕಿದ್ದ ಹೊಲಿಗಿ ನೋಡಿದ್ದೆ... ಅಷ್ಟು ಸಣ್ಣ ಹೊಲಿಗಿ! ಹಂಗ ಹೊಲದವರ ಹೆಸರು ಕಾಗದದಾಗ ಬರೂದು ಬ್ಯಾಡ ಅನಿಸ್ತು."

ವಿಶಾಖಾ ತಲೆ ತಗ್ಗಿಸಿದಳು. ಚೀಲದಿಂದ ಕಾಗದ ತೆಗೆದು ಅವನ ಕೈಗಿಟ್ಟಳು. ದೂರು ಸುಳ್ಳು, ತಪ್ಪು ನನ್ನದು ಎಂದು ಸಂಘಕ್ಕೆ ಬರೆದಿದ್ದಳು.

ಅವನು ಓದಿ ಗಾಬರಿಯಾದ. "ಹಿಂಗ ಬರದ್ರ ಮೀಸಲು ಪಟ್ಟಿಂದ ನಿಮ್ಮ ಹೆಸರು ತಗೀತಾರ!"

"ತಗೀಲಿ. ಆಟದಾಗ ಏಟು ಬಿದ್ರ ಕೈ ಎತ್ತಿ ಒಪ್ಪಿಕೊಂತೀವಿ. ಇದೂ ಏಟ..."

ಸಂಘದವರು ನಿಜವಾಗಿಯೂ ಹೆಸರು ತೆಗೆದರು, ಒಂದು ವರ್ಷಕ್ಕೆ. ಅಮರೇಶನನ್ನು ಮತ್ತೆ ಕೆಲಸಕ್ಕೆ ಕರೆದರು.

ಆ ವರ್ಷ ಅವಳು ದಿನವೂ ರಾಯಚೂರಿನಲ್ಲಿ ಅಭ್ಯಾಸ ಮಾಡಿದಳು. ಭಾನುವಾರ ಅವನು ಬಂದು ಎಲ್ಲ ಹುಡುಗಿಯರ ತಂತಿಗಳನ್ನೂ ಸರಿಮಾಡಿ ಹೋಗುತ್ತಿದ್ದ. ಅವಳದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ತಮನ್ನಾ ಬೇಕೆಂದೇ ಕೆಮ್ಮುತ್ತಿದ್ದಳು.

ಆಯ್ಕೆ ಮತ್ತೆ ಬಂತು. ಅದರ ಹಿಂದಿನ ಭಾನುವಾರ ವಿಶಾಖಾ ಕೇಳಿದಳು:

"ಈ ಸಲನೂ ನನ್ನ ಜಾಕೆಟ್ ನೀವ ನೋಡ್ತೀರಿಲ್ರಿ?"

"ಇಲ್ಲ. ನಾ ಆಗಂಗಿಲ್ಲ ಅಂತ ಹೇಳೀನಿ."

"ಇನ್ನೂ ಸಿಟ್ಟದ ಏನು?"

"ಸಿಟ್ಟಲ್ಲ ವಿಶಾಖಾ..." ಮೊದಲ ಬಾರಿ ಬರೀ ಹೆಸರು ಹಿಡಿದು ಕರೆದಿದ್ದ. "ನೀವು ಗೆಲ್ಲಲಿ ಅಂತ ಮನಸು ಬೇಡಾಕತ್ತದ. ಹಂತಾವನು ಮೀಟರ್ ಹಿಡೀಬಾರದು. ಬ್ಯಾರೆಯವರಿಗೆ ಅನ್ಯಾಯ ಆಗತದ."

ಅವಳು ಕೈಗವಸು ಬಿಚ್ಚಿ ಚೀಲಕ್ಕೆ ಹಾಕಿದಳು.

"ಹಂಗಾದ್ರ ಅವತ್ತು ಎಲ್ಲಿರ್ತೀರಿ?"

"ನೋಡೋರ ಸಾಲಿನಾಗ. ನಿಮ್ಮವ್ವ ಬಂದ್ರ, ಅವರ ಬಾಜೂಕ... ಜಾಗ ಕೊಟ್ರ."

"ಕೊಡ್ತಾಳ," ಎಂದಳು ವಿಶಾಖಾ. "ಆದ್ರ ಇವ ಯಾರು ಅಂತ ನನ್ನ ಕೇಳ್ತಾಳ. ಏನಂತ ಹೇಳ್ಲಿ?"

"ನೀ ಏನಂತಿ, ಅದ."

ಅವಳು ಮೆಲ್ಲಗೆ ನಕ್ಕಳು. ಅವರ ಕಡೆ ಹುಡುಗಿಯರು ತಾವು ಮದುವೆಯಾಗುವವನಿಗೆ ಹೇಳುವ ಮಾತನ್ನೇ ಹೇಳಿದಳು.

"ನಮ್ಮಾವ ಅಂತ ಹೇಳ್ತೀನಿ."